ಕೊಪ್ಪಳದಿಂದ ಕರಾವಳಿಗೆ ಐದು ದಿನ: ಗುಡಿ, ಜಲಪಾತ, ಕಡಲು ನೋಡಿಬರುವ ಕಾರು ಪ್ರವಾಸದ ಸಮಗ್ರ ಮಾರ್ಗದರ್ಶಿ

ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಕುಟುಂಬಗಳು ಸ್ವಂತ ಕಾರಿನಲ್ಲೋ ಬಾಡಿಗೆ ಕ್ರೂಸರಿನಲ್ಲೋ ಗೋಕರ್ಣ, ಮುರುಡೇಶ್ವರ, ಜೋಗದ ಕಡೆಗೆ ಹೊರಟಾಗ ಮೊದಲು ಲೆಕ್ಕ ಹಾಕುವುದು ಕಿಲೋಮೀಟರುಗಳನ್ನು. ವಾಸ್ತವದಲ್ಲಿ ಈ ದಾರಿಯ ಪ್ರವಾಸವನ್ನು ಕೆಡಿಸುವುದು ಹೊತ್ತು ತಪ್ಪುವುದೇ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಜಲಪಾತದ ಕಾಡುದಾರಿಗೆ ಸಂಜೆಯ ನಂತರ ಪ್ರವೇಶವಿರುವುದಿಲ್ಲ, ಘಟ್ಟದ ತಿರುವುಗಳನ್ನು ಬಯಲುಸೀಮೆಯ ಚಾಲಕರು ಹಗಲಿನಲ್ಲಿಯೇ ದಾಟಬೇಕು, ಕಡಲಿನ ದಂಡೆ ಚೆನ್ನಾಗಿರುವುದು ಬಿಸಿಲು ಇಳಿದ ಮೇಲೆ. ಈ ನಾಲ್ಕು ಹೊತ್ತುಗಳನ್ನು ಒಂದಕ್ಕೊಂದು ಹೊಂದಿಸಿದರೆ ವಯಸ್ಸಾದವರೂ ಮಕ್ಕಳೂ ದಣಿಯದೆ ನೋಡಿಬರಬಹುದು. ಮುಂದಿನ ಕ್ರಮವನ್ನು ಅದೇ ಆಧಾರದ ಮೇಲೆ ಬರೆಯಲಾಗಿದೆ.

ಯಾವಾಗ ಹೊರಡಬೇಕು

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗಿನ ಅವಧಿಯೇ ಅತ್ಯುತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ಆಗ ಮುಂಗಾರು ಹಿಂದೆ ಸರಿದಿರುತ್ತದೆ, ಜಲಪಾತಗಳಲ್ಲಿ ನೀರು ಉಳಿದಿರುತ್ತದೆ, ಕಡಲು ತಕ್ಕಮಟ್ಟಿಗೆ ಶಾಂತವಾಗಿರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜೋಗ ತುಂಬಿ ಧುಮುಕುತ್ತದೆಂಬುದು ನಿಜ. ಆದರೆ ಅದೇ ದಿನಗಳಲ್ಲಿ ಘಟ್ಟ ಕುಸಿಯುತ್ತದೆ, ಕಡಲಿಗೆ ಇಳಿಯಲು ಬಿಡುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿದ್ದ ಜನರೂ ವಾಹನಗಳೂ ಮಣ್ಣಿನಡಿ ಹಾಗೂ ಗಂಗಾವಳಿ ನದಿಯ ಪಾಲಾದುದನ್ನು ಯಾರೂ ಮರೆಯಬಾರದು. ಮಳೆಗಾಲದಲ್ಲಿ ಜೋಗವನ್ನೇ ನೋಡಬೇಕೆಂದಿದ್ದರೆ ಕರಾವಳಿಯನ್ನು ಕೈಬಿಟ್ಟು ಹುಬ್ಬಳ್ಳಿ, ಶಿರಸಿ, ಸಿದ್ದಾಪುರ ಮಾರ್ಗವಾಗಿ ಹೋಗಿ, ಬಂದ ದಾರಿಯಲ್ಲೇ ಮರಳುವುದು ಉಚಿತ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ ಸಿಗುತ್ತದೆ, ಜಲಪಾತಗಳಲ್ಲಿ ಮಾತ್ರ ಬರಿಯ ಬಂಡೆ ಕಾಣುತ್ತದೆ. ಡಿಸೆಂಬರ್ ಕೊನೆಯ ವಾರ ಮತ್ತು ಮಹಾಶಿವರಾತ್ರಿಯ ಸಮಯದಲ್ಲಿ ಗೋಕರ್ಣದಲ್ಲಿ ವಸತಿಯೂ ವಾಹನ ನಿಲುಗಡೆಯೂ ಕಷ್ಟ. ವಾರದ ನಡುವೆ ಹೋಗಲು ಸಾಧ್ಯವಾದರೆ ಸೋಮವಾರ ಬೆಳಿಗ್ಗೆ ಹೊರಟು ಶುಕ್ರವಾರ ಸಂಜೆ ಮರಳುವುದು ಒಳ್ಳೆಯದು.

ಗಾಡಿಯ ಸಿದ್ಧತೆ

ನಮ್ಮ ಸೀಮೆಯ ಕಾರುಗಳಲ್ಲಿ ಹೆಚ್ಚಾಗಿ ಕೈಕೊಡುವುದು ವೈಪರ್. ವರ್ಷದ ಬಹುಪಾಲು ಬಿಸಿಲಿನಲ್ಲೇ ನಿಲ್ಲುವ ಗಾಡಿಯಲ್ಲಿ ವೈಪರಿನ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ. ಬಳಸುವ ಪ್ರಸಂಗವೇ ಬಾರದ ಕಾರಣ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಹೊರಡುವ ವಾರಕ್ಕೆ ಮೊದಲು ರಬ್ಬರಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ. ಬಿರುಕು ಸಿಕ್ಕರೆ ಅಥವಾ ಕರಿಯ ಪುಡಿ ಬೆರಳಿಗೆ ಅಂಟಿದರೆ ಎರಡೂ ಬ್ಲೇಡುಗಳನ್ನು ಬದಲಿಸಿರಿ. ಯಲ್ಲಾಪುರದಾಚೆ ಅಕ್ಟೋಬರಿನಲ್ಲಿಯೂ ಸಂಜೆ ಹನಿ ಬೀಳುವುದುಂಟು; ಒಣ ರಬ್ಬರು ಒರೆಸಿದ ಗಾಜಿನ ಮೂಲಕ ಎದುರಿನ ಲಾರಿಯ ದೀಪ ಹತ್ತು ದೀಪಗಳಾಗಿ ಕಾಣುತ್ತದೆ.

ಅನಂತರ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕೂಲೆಂಟ್ ಮತ್ತು ಟೈರುಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿ. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೇ ಓಡಿಸುವಂತಿಲ್ಲ. ತೇವದ ಘಟ್ಟದಾರಿಗೆ ಅದರ ಎರಡರಷ್ಟು ಇದ್ದರೂ ಹೆಚ್ಚಲ್ಲ. ಸ್ಟೆಪ್ನಿಗೆ ಗಾಳಿ ಹಾಕಿಸಿ, ಜಾಕ್ ಮತ್ತು ಪಾನಾ ಇವೆಯೇ ನೋಡಿ. ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ, ಚಾಲನಾ ಪರವಾನಗಿ ಇವುಗಳನ್ನು ಮೊಬೈಲಿನ ಡಿಜಿಲಾಕರಿನಲ್ಲಿ ಇಟ್ಟುಕೊಳ್ಳುವುದರ ಜೊತೆಗೆ ಕಾಗದದ ಪ್ರತಿಯನ್ನೂ ಒಯ್ಯಿರಿ, ಏಕೆಂದರೆ ಕಾಡಿನ ನಡುವೆ ನೆಟ್‌ವರ್ಕ್ ಇರುವುದಿಲ್ಲ. ಫಾಸ್ಟ್ಯಾಗಿನಲ್ಲಿ ಹಣ ಇರಲಿ.

ಬಾಡಿಗೆ ಗಾಡಿ ಮಾಡುವವರು ಹಳದಿ ಬೋರ್ಡಿನ ಗಾಡಿಯನ್ನೇ ಮಾಡಬೇಕು. ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಕ್ಕರೂ ಅಪಘಾತವಾದಾಗ ಅದರ ವಿಮೆ ಪ್ರಯಾಣಿಕರ ಕೈಹಿಡಿಯುವುದು ಕಷ್ಟ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ, ಚಾಲಕರ ಭತ್ತೆ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರ ಪಾಲು ಎಂಬುದನ್ನು ಮೊದಲೇ ಮಾತಾಡಿ ಬರೆದುಕೊಳ್ಳಿ. ಚಾಲಕರು ಮಲಗಲು ಜಾಗ ಇರುವ ಲಾಡ್ಜನ್ನೇ ಗೊತ್ತುಮಾಡಿ. ರಾತ್ರಿಯಿಡೀ ಸೀಟಿನಲ್ಲಿ ಮುದುಡಿ ಮಲಗಿದವರ ಕೈಗೆ ಮರುದಿನ ಘಟ್ಟದ ಸ್ಟೇರಿಂಗ್ ಕೊಡುವುದು ಸರಿಯಲ್ಲ.

ಬುತ್ತಿ

ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ ಕಟ್ಟಿಕೊಂಡರೆ ಮೊದಲ ಎರಡು ದಿನಗಳ ಮಧ್ಯಾಹ್ನದ ಊಟದ ಚಿಂತೆ ಇಲ್ಲ. ಒಂದು ಎಚ್ಚರ: ನಮ್ಮಲ್ಲಿ ತಿಂಗಳಾದರೂ ಗರಿಗರಿಯಾಗಿರುವ ರೊಟ್ಟಿ ಕರಾವಳಿಯ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಆಮೇಲೆ ಬೂಸಲು ಹಿಡಿಯುತ್ತದೆ. ಬಟ್ಟೆಯ ಗಂಟಿನಲ್ಲಿ ಕಟ್ಟುವ ಬದಲು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆಯಿರಿ.

ಮೊದಲ ದಿನ: ಕೊಪ್ಪಳದಿಂದ ಯಲ್ಲಾಪುರ, ಸುಮಾರು 190 ಕಿ.ಮೀ.

ಬಳ್ಳಾರಿಯವರಿಗೆ ಹೊಸಪೇಟೆ ಮಾರ್ಗವಾಗಿ ಕೊಪ್ಪಳ ಸುಮಾರು ಎರಡು ತಾಸಿನ ದಾರಿ. ರಾಯಚೂರಿನವರು ಸಿಂಧನೂರು, ಗಂಗಾವತಿ ಮೂಲಕ ಬರಬೇಕಾಗುವುದರಿಂದ ಹಿಂದಿನ ಸಂಜೆಯೇ ಬಂದು ಕೊಪ್ಪಳದಲ್ಲಿ ತಂಗುವುದು ಒಳ್ಳೆಯದು. ಬೆಳಿಗ್ಗೆ ಆರಕ್ಕೆ ಕೊಪ್ಪಳ ಬಿಟ್ಟು, ಗದಗಿನ ಹೆದ್ದಾರಿಯಿಂದ ಕುಕನೂರಿನ ಕಡೆಗೆ ಹೊರಳಿ ಮೊದಲು ಇಟಗಿಯ ಮಹಾದೇವ ಗುಡಿಗೆ ಹೋಗಿ. ಕ್ರಿ.ಶ. 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ದೂರದೂರಿನಿಂದ ಜನ ಬಂದು ನೋಡುವ ಈ ಗುಡಿಯನ್ನು ನಮ್ಮ ಜಿಲ್ಲೆಯ ಎಷ್ಟೋ ಮನೆಗಳವರು ನೋಡಿಲ್ಲವೆಂಬುದು ನನಗೆ ನೋವಿನ ಸಂಗತಿ. ಆದ್ದರಿಂದಲೇ ಪ್ರವಾಸವನ್ನು ಇಲ್ಲಿಂದ ಆರಂಭಿಸಬೇಕೆಂದು ಒತ್ತಿ ಹೇಳುತ್ತೇನೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಂಟಪದ ಕಂಬಗಳ ಬಳಿ ನಿಂತು, ಕಂಬದ ನಡುವಿನ ಬಳೆಯಂತಹ ಸುತ್ತುಗಳನ್ನು ಹತ್ತಿರದಿಂದ ನೋಡಿ. ಕಲ್ಲನ್ನು ಚರಕಿಗೆ ಹಾಕಿ ತಿರುಗಿಸಿ ತೆಗೆದ ಆ ಗೆರೆಗಳು ಕೂದಲೆಳೆಯಷ್ಟು ತೆಳುವಾಗಿ, ಒಂದರ ಮೇಲೊಂದು ಸಮನಾಗಿ ಏರಿವೆ.

ಮತ್ತೆ ಹೆದ್ದಾರಿಗೆ ಬಂದು ಗದಗಿಗೆ ಮೊದಲು ಸಿಗುವ ಲಕ್ಕುಂಡಿಯಲ್ಲಿ ಒಂದೂವರೆ ತಾಸು ಇರಿ. ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿಗೆ ಹತ್ತಿರದಲ್ಲಿಯೇ ಇದೆ. ಇವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಾದ್ದರಿಂದ ಮಧ್ಯಾಹ್ನದ ಬಾಗಿಲಿನ ತೊಡಕಿಲ್ಲ. ಹಾಗಾಗಿಯೇ ಇವುಗಳನ್ನು ದೂರದ ಪಯಣದ ದಿನಕ್ಕೆ ಇಟ್ಟಿದ್ದೇನೆ.

ಹುಬ್ಬಳ್ಳಿಯಲ್ಲಿ ಊಟ ಮುಗಿಸಿ, ಟ್ಯಾಂಕು ತುಂಬಿಸಿಕೊಂಡು, ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಯಲ್ಲಾಪುರಕ್ಕೆ ಹೊರಡಿ. ಮೂರು ಗಂಟೆಗೆ ಅಲ್ಲಿ ತಲುಪಿದರೆ ಅದೇ ದಿನ ಮಾಗೋಡು ಜಲಪಾತ ನೋಡಬಹುದು. ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುವ ಈ ಜಲಪಾತವನ್ನು ಎದುರಿನ ದಿಬ್ಬದ ವೀಕ್ಷಣಾ ಸ್ಥಳದಿಂದ ನೋಡಬೇಕು. ನೀರಿಗಿಳಿಯುವ ದಾರಿಯಿಲ್ಲ, ಹುಡುಕಲೂ ಬಾರದು. ಸೂರ್ಯಾಸ್ತದ ಹೊತ್ತಿಗೆ ಸಮೀಪದ ಜೇನುಕಲ್ಲು ಗುಡ್ಡದಲ್ಲಿದ್ದರೆ ಕಣಿವೆಯೂ ಅದರ ತಳದಲ್ಲಿ ಬಳುಕುವ ನದಿಯೂ ಕಾಣುತ್ತವೆ. ಕತ್ತಲಾಗುವ ಮೊದಲು ಯಲ್ಲಾಪುರಕ್ಕೆ ಮರಳಿ ತಂಗಿರಿ.

ಎರಡನೆಯ ದಿನ: ಸಾತೊಡ್ಡಿ, ಅರಬೈಲು ಘಟ್ಟ, ಗೋಕರ್ಣ

ಸಾತೊಡ್ಡಿ ಜಲಪಾತ ಯಲ್ಲಾಪುರದಿಂದ ಸುಮಾರು 32 ಕಿಲೋಮೀಟರ್. ಎತ್ತರ ಸುಮಾರು 15 ಮೀಟರ್ ಮಾತ್ರವಾದರೂ ಅಗಲವಾಗಿ ಹರಡಿ ಬೀಳುವ ಚೆಲುವಿನ ಜಲಪಾತ. ಕೊನೆಯ ಭಾಗದ ರಸ್ತೆ ಕಿರಿದು, ಗಾಡಿ ಬಿಟ್ಟ ಮೇಲೆ ಕಾಡಿನೊಳಗೆ ನಡೆಯಬೇಕು. ಮೊಣಕಾಲು ನೋವಿನ ಹಿರಿಯರಿದ್ದರೆ ಇದನ್ನು ಬಿಟ್ಟುಬಿಡುವುದೇ ವಿವೇಕ. ಅವರಿಗೆ ಜೋಗದ ದರ್ಶನ ಕುಳಿತಲ್ಲಿಯೇ ಸಿಗುತ್ತದೆ. ಹೋಗುವವರು ಏಳು ಗಂಟೆಗೆ ಹೊರಟು ಹನ್ನೆರಡೂವರೆಯೊಳಗೆ ಯಲ್ಲಾಪುರಕ್ಕೆ ಮರಳಬೇಕು.

ಮಳೆ ಬಿದ್ದು ತೇವವಿರುವ ಕಾಡಿನಲ್ಲಿ ಉಂಬಳಗಳು, ಅಂದರೆ ನೆಲದ ಜಿಗಣೆಗಳು, ಕಾಲಿಗೆ ಹತ್ತುತ್ತವೆ. ಉದ್ದ ಕಾಲುಚೀಲದೊಳಕ್ಕೆ ಪ್ಯಾಂಟಿನ ಅಂಚು ಸೇರಿಸಿ, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಹತ್ತಿದ ಉಂಬಳವನ್ನು ಎಳೆಯದೆ, ಉಗುರಿನ ಅಂಚನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ಹೆಚ್ಚಿನ ಅಪಾಯವಿರುವುದು ಪಾಚಿಗಟ್ಟಿದ ಬಂಡೆಯಿಂದ. ಒಣಗಿದಂತೆ ಕಾಣುವ ಕರಿಯ ಬಂಡೆಯೂ ಜಾರುತ್ತದೆ. ನೀರಿನ ಬಣ್ಣ ಏಕಾಏಕಿ ಕೆಂಪಾದರೆ, ಅಥವಾ ಕಸಕಡ್ಡಿ ತೇಲಿಬರತೊಡಗಿದರೆ, ಮೇಲ್ಭಾಗದಲ್ಲಿ ಮಳೆಯಾಗಿದೆಯೆಂದು ತಿಳಿದು ತಕ್ಷಣ ದಂಡೆಗೆ ಬನ್ನಿ, ತಲೆಯ ಮೇಲೆ ಬಿಸಿಲಿದ್ದರೂ ಸರಿ.

ಊಟದ ನಂತರ ಎರಡು ಗಂಟೆಗೆ ಅರಬೈಲು ಘಟ್ಟ ಇಳಿಯಲು ಹೊರಡಿ. ಈ ದಾರಿಯಲ್ಲಿ ಲಾರಿಗಳ ಸಾಲು ಯಾವಾಗಲೂ ಇರುತ್ತದೆ. ಕೊಪ್ಪಳ, ಗದಗಿನ ನೇರ ಹೆದ್ದಾರಿಯಲ್ಲಿ ಓಡಿಸಿ ರೂಢಿಯಾದ ಕಾಲು ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ಕುಳಿತಿರುತ್ತದೆ. ಹಾಗೆ ಬಹಳ ಹೊತ್ತು ಒತ್ತಿದರೆ ಪ್ಯಾಡುಗಳು ಕಾದು ಹಿಡಿತ ಸಡಿಲವಾಗುತ್ತದೆ. ಸರಿಯಾದ ಕ್ರಮವೆಂದರೆ ಇಳಿಜಾರು ಆರಂಭವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬಂದು, ಎಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಮಾಡಿ, ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ದೃಢವಾಗಿ ಒತ್ತಿ ಬಿಡುವುದು. ನ್ಯೂಟ್ರಲ್ ಹಾಕಿ ಇಳಿಸುವ, ಎಂಜಿನ್ ಬಂದ್ ಮಾಡಿ ಡೀಸೆಲ್ ಉಳಿಸುವ ಚಾಳಿ ಇರುವ ಚಾಲಕರಿಗೆ ಮೊದಲೇ ಸ್ಪಷ್ಟವಾಗಿ ಬೇಡವೆಂದು ಹೇಳಿ. ಸುಟ್ಟ ರಬ್ಬರಿನಂತಹ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ತಾಸು ಆರಲು ಬಿಡಿ; ಕಾದ ಗಾಲಿಗೆ ನೀರು ಸುರಿಯಬೇಡಿ. ಏರುವ ಗಾಡಿಗೆ ದಾರಿ ಬಿಡಿ, ಕಾಣದ ತಿರುವಿನಲ್ಲಿ ಹಾರ್ನ್ ಮಾಡಿ, ಲಾರಿಯ ಹಿಂದೆ ತಾಳ್ಮೆಯಿಂದಿರಿ. ಮಂಜು ಕವಿದರೆ ಡಿಮ್ ದೀಪದಲ್ಲೇ ಹೋಗಿ. ಒಳಗಿನಿಂದ ಗಾಜು ಮಬ್ಬಾದರೆ ಕೈಯಿಂದ ಒರೆಸದೆ ಎಸಿಯ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ವಾಂತಿಯ ತೊಂದರೆ ಇರುವ ಮಕ್ಕಳಿಗೆ ಮಧ್ಯಾಹ್ನ ಹಗುರವಾದ ಊಟ ಕೊಡಿ. ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿ, ಘಟ್ಟಕ್ಕೆ ಅರ್ಧ ತಾಸು ಮೊದಲೇ ಕೊಡಬೇಕು.

ಅಂಕೋಲಾ ದಾಟಿ ಐದರ ಹೊತ್ತಿಗೆ ಗೋಕರ್ಣ ಸೇರಿದರೆ ಸಂಜೆ ಊರ ಮುಂದಿನ ದಂಡೆಯಲ್ಲೋ ಕುಡ್ಲೆ ಬೀಚಿನಲ್ಲೋ ಕಳೆಯಬಹುದು. ಓಂ ಬೀಚಿನ ತನಕ ಗಾಡಿ ಹೋಗುತ್ತದೆ. ಅರ್ಧಚಂದ್ರ ಮತ್ತು ಪ್ಯಾರಡೈಸ್ ದಂಡೆಗಳ ಗುಡ್ಡದ ಕಾಲುದಾರಿಯನ್ನು ಕುಟುಂಬದವರು ಸಂಜೆ ಹಿಡಿಯಬಾರದು.

ಕಡಲಿಗೆ ಇಳಿಯುವ ಮೊದಲು

ತುಂಗಭದ್ರಾ ಕಾಲುವೆಯಲ್ಲೋ ಊರ ಬಾವಿಯಲ್ಲೋ ಈಜು ಕಲಿತ ನಮ್ಮ ಹುಡುಗರಿಗೆ ಕಡಲಿನ ಸೆಳೆತದ ಅಂದಾಜು ಇರುವುದಿಲ್ಲ. ದಂಡೆಗೆ ಅಪ್ಪಳಿಸಿದ ನೀರು ಹಿಂದಿರುಗುವಾಗ ಕೆಲವು ಕಡೆ ಒಂದೇ ಕಿರಿದಾದ ಹಾದಿ ಹಿಡಿದು ವೇಗವಾಗಿ ಒಳಕ್ಕೆ ಹರಿಯುತ್ತದೆ. ಎರಡೂ ಬದಿಗೆ ಅಲೆ ಒಡೆಯುತ್ತಿರುವಾಗ ನಡುವೆ ಮಾತ್ರ ಅಲೆಯಿಲ್ಲದೆ, ಮರಳು ಕಲೆತ ಬಣ್ಣದಲ್ಲಿ ಶಾಂತವಾಗಿ ಕಾಣುವ ಪಟ್ಟಿಯೇ ಅದು. ಅಲೆಗೆ ಹೆದರುವವರು ಸುರಕ್ಷಿತವೆಂದು ಇಳಿಯುವುದೂ ಅಲ್ಲಿಯೇ. ಸಿಕ್ಕಿಕೊಂಡವರು ದಂಡೆಯ ಕಡೆಗೆ ಎದುರೀಜಿದರೆ ದಣಿದು ಮುಳುಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಅಲೆ ಒಡೆಯುವ ಕಡೆಯಿಂದ ದಂಡೆಗೆ ಬರಬೇಕು. ಈಜಲಾಗದಿದ್ದರೆ ತೇಲುತ್ತಾ ಕೈಯೆತ್ತಿ ಕೂಗಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಜೀವರಕ್ಷಕರು ಇರುವ ಕಡೆಯಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ಮಾತ್ರ ಆಡಿ. ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ಸೀರೆ, ಪಂಚೆ, ಜೀನ್ಸ್ ತೊಟ್ಟು ಇಳಿದರೆ ಒದ್ದೆ ಬಟ್ಟೆಯ ಭಾರವೇ ಕಾಲನ್ನು ಹಿಡಿಯುತ್ತದೆ. ಮಕ್ಕಳ ಮೇಲೆ ಕಣ್ಣಿಡಲು ನೀರಿಗಿಳಿಯದ ಒಬ್ಬರು ದೊಡ್ಡವರು ಇರಲೇಬೇಕು, ಅವರ ಕೈಯಲ್ಲಿ ಮೊಬೈಲು ಇರಬಾರದು.

ಮೂರನೆಯ ದಿನ: ಗೋಕರ್ಣದಿಂದ ಮುರುಡೇಶ್ವರ, ಸುಮಾರು 75 ಕಿ.ಮೀ.

ಬೆಳಿಗ್ಗೆ ಆರೂವರೆಗೇ ದರ್ಶನಕ್ಕೆ ಹೋಗಿ. ಮಹಾಗಣಪತಿಯ ದರ್ಶನ ಮಾಡಿದ ಮೇಲೆ ಮಹಾಬಲೇಶ್ವರನ ದರ್ಶನ ಮಾಡುವುದು ಕ್ಷೇತ್ರದ ರೂಢಿ. ಗಂಡಸರು ಅಂಗಿ ತೆಗೆದು ಪಂಚೆಯುಟ್ಟು, ಹೆಂಗಸರು ಸೀರೆ ಅಥವಾ ಚೂಡಿದಾರ್ ತೊಟ್ಟು ಹೋಗಬೇಕು; ಪಂಚೆಯನ್ನು ಚೀಲದ ಮೇಲ್ಭಾಗದಲ್ಲಿಯೇ ಇಟ್ಟುಕೊಂಡಿರಿ. ರಾವಣನ ಕೈಯಿಂದ ಆತ್ಮಲಿಂಗ ತಪ್ಪಿದ ಕಥೆಗೆ ಸೇರಿದ ಐದು ಕ್ಷೇತ್ರಗಳ ಪೈಕಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಈ ನಾಲ್ಕೂ ಇದೇ ದಿನದ ದಾರಿಯಲ್ಲಿವೆ. ಶ್ರದ್ಧೆಯಿಂದ ಹೋಗುವ ಹಿರಿಯರಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿದರೆ ದಿನವಿಡೀ ಅವರ ಉತ್ಸಾಹ ಕುಗ್ಗುವುದಿಲ್ಲ.

ಒಂಬತ್ತೂವರೆಗೆ ಹೊರಟು, ಕುಮಟಾದ ಕಡೆ ಹೆದ್ದಾರಿಗೆ ಹತ್ತಿರವಿರುವ ಮಿರ್ಜಾನ್ ಕೋಟೆಯಲ್ಲಿ ಅರ್ಧ ತಾಸು ನಿಂತು, ಧಾರೇಶ್ವರಕ್ಕೆ ನಮಸ್ಕರಿಸಿ, ಹೊನ್ನಾವರದ ಶರಾವತಿ ಸೇತುವೆ ದಾಟಿ, ಮಧ್ಯಾಹ್ನದ ಮಹಾಪೂಜೆಗೆ ಇಡಗುಂಜಿ ತಲುಪಿ. ಇಲ್ಲಿಯ ಗಣಪತಿ ಎರಡೇ ಕೈಗಳುಳ್ಳ, ನಿಂತ ಭಂಗಿಯ ಮೂರ್ತಿ. ನಾಲ್ಕರ ಹೊತ್ತಿಗೆ ಮುರುಡೇಶ್ವರ. ಕಂದುಕಗಿರಿಯ ಮೇಲಿನ 123 ಅಡಿ ಎತ್ತರದ ಶಿವನ ವಿಗ್ರಹವನ್ನೂ ಕಡಲನ್ನೂ ಒಟ್ಟಿಗೆ ನೋಡಲು 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟಿನಲ್ಲಿ ಏರಬೇಕು. ಅಲ್ಲಿ ಸರದಿ ಉದ್ದವಿರುವುದರಿಂದ ಮೊದಲು ಲಿಫ್ಟಿನ ಚೀಟಿ ಪಡೆದು, ಆಮೇಲೆ ಉಳಿದುದನ್ನು ನೋಡಿ. ಕಡಲಿನಲ್ಲಿ ಆಡಲೇಬೇಕೆನ್ನುವ ಮಕ್ಕಳಿದ್ದರೆ ಹೊನ್ನಾವರದ ಬಳಿಯ ಕಾಸರಕೋಡಿನ ದಂಡೆ ಹೆಚ್ಚು ಶುಚಿ, ಹೆಚ್ಚು ವ್ಯವಸ್ಥಿತ; 2020ರಲ್ಲಿ ಅದಕ್ಕೆ ಶುಚಿಯಾದ, ಸುರಕ್ಷಿತವಾದ ಕಡಲ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ.

ನಾಲ್ಕನೆಯ ದಿನ: ಜೋಗ, ಶಿರಸಿ

ಎಂಟಕ್ಕೆ ಮುರುಡೇಶ್ವರ ಬಿಟ್ಟು ಹೊನ್ನಾವರಕ್ಕೆ ಹಿಂದಿರುಗಿ, ಗೇರುಸೊಪ್ಪೆಯ ಘಟ್ಟ ಏರಿದರೆ ಹನ್ನೊಂದರೊಳಗೆ ಜೋಗ ಸಿಗುತ್ತದೆ. ಏರುವಾಗ ಎಸಿ ಬಂದ್ ಮಾಡಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರ್ ಆಳಕ್ಕೆ ಬೀಳುತ್ತಾಳೆ. ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಇರುವುದರಿಂದ ನೀರಿನ ಪ್ರಮಾಣ ಅಲ್ಲಿಂದ ಬಿಡುವ ನೀರಿಗೂ ಸುತ್ತಲಿನ ಹಳ್ಳಗಳಿಗೂ ಸೇರಿದ್ದು. ಅಂತರ್ಜಾಲದಲ್ಲಿ ಕಾಣುವ ಉಕ್ಕಿ ಬೀಳುವ ಜೋಗದ ಚಿತ್ರಗಳು ಗೇಟು ತೆರೆದ ದಿನಗಳವೆಂದು ಮನೆಯವರಿಗೆ ಮೊದಲೇ ತಿಳಿಸಿದರೆ ಬೇಸರವಾಗುವುದಿಲ್ಲ. ಮಂಜು ಮುಚ್ಚಿದ್ದರೆ ಹೊರಟುಬಿಡಬೇಡಿ. ಕಾದರೆ ಗಾಳಿ ಬಂದು ಪರದೆ ಸರಿಯುತ್ತದೆ, ಕೆಲವು ನಿಮಿಷ ನಾಲ್ಕೂ ಧಾರೆಗಳು ನಿಚ್ಚಳವಾಗಿ ಕಾಣುತ್ತವೆ. ತಳಕ್ಕೆ ಇಳಿಯುವ ಮೆಟ್ಟಿಲು ತೆರೆದಿದೆಯೇ ಎಂದು ಅಲ್ಲಿಯೇ ವಿಚಾರಿಸಿ. ತೆರೆದಿದ್ದರೂ ಸಾವಿರಕ್ಕೂ ಮೀರಿದ ಮೆಟ್ಟಿಲುಗಳನ್ನು ಮತ್ತೆ ಏರಬೇಕೆಂಬುದು ನೆನಪಿರಲಿ.

ಸಿದ್ದಾಪುರದ ಮೂಲಕ ಸಂಜೆ ಐದಕ್ಕೆ ಶಿರಸಿ ತಲುಪಿ ತಂಗಿರಿ. ಅಘನಾಶಿನಿಯ ಉಂಚಳ್ಳಿ ಜಲಪಾತವನ್ನೂ ಯಾಣವನ್ನೂ ಇದೇ ದಿನಕ್ಕೆ ತುರುಕಬೇಡಿ. ಅವೆರಡಕ್ಕೂ ಬೇರೆಯೇ ಒಂದು ಪ್ರವಾಸ ಬೇಕು.

ಐದನೆಯ ದಿನ: ಬನವಾಸಿಯ ಮೂಲಕ ಮರಳುವುದು

ಏಳಕ್ಕೆ ಮಾರಿಕಾಂಬೆಯ ದರ್ಶನ ಮಾಡಿ, ಗೋಡೆಗಳ ಮೇಲಿನ ಕೆಮ್ಮಣ್ಣಿನ ಕಾವಿ ಚಿತ್ರಗಳನ್ನು ನೋಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ದಿನಗಳಲ್ಲಿ ಊರೊಳಗೆ ಗಾಡಿ ಚಲಿಸುವುದಿಲ್ಲ, ಆ ದಿನಾಂಕಗಳನ್ನು ತಪ್ಪಿಸಿ. ಶಾಲ್ಮಲಾ ನದಿಯ ಬಂಡೆಗಳಲ್ಲಿ ಕೆತ್ತಿರುವ ಸಹಸ್ರಲಿಂಗವು ನೀರು ಇಳಿದ ನವೆಂಬರಿನ ನಂತರವೇ ಚೆನ್ನಾಗಿ ಕಾಣುತ್ತದೆ. ಅಕ್ಟೋಬರಿನಲ್ಲಿ ಹೋದವರು ಅದನ್ನು ಬಿಟ್ಟು ನೇರವಾಗಿ ಕದಂಬರ ರಾಜಧಾನಿಯಾಗಿದ್ದ ಬನವಾಸಿಗೆ ಹೋಗಿ ಮಧುಕೇಶ್ವರನ ಗುಡಿಯಲ್ಲಿ ಸಮಾಧಾನವಾಗಿ ಕುಳಿತುಬರಲಿ. ಅಲ್ಲಿಂದ ಹಾನಗಲ್ಲಿನ ತಾರಕೇಶ್ವರ ಗುಡಿ, ಹಾವೇರಿ, ಹುಬ್ಬಳ್ಳಿ, ಗದಗ ಮಾರ್ಗವಾಗಿ ಕೊಪ್ಪಳ.

ಒಟ್ಟು ಸುತ್ತು 850ರಿಂದ 900 ಕಿಲೋಮೀಟರ್ ಆಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಗಾಡಿಗೆ 60 ಲೀಟರ್ ಇಂಧನ ಹಿಡಿಯಿರಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033 ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಇಡೀ ದಾರಿಯ ನಕ್ಷೆಯನ್ನು ಮನೆಯಲ್ಲಿರುವಾಗಲೇ ಮೊಬೈಲಿಗೆ ಇಳಿಸಿಕೊಳ್ಳಿ.

ಹುಬ್ಬಳ್ಳಿಯನ್ನು ಮಧ್ಯಾಹ್ನ ಮೂರಕ್ಕೆ ಮುಂಚೆ ಬಿಡುವಂತೆ ಈ ಕೊನೆಯ ದಿನವನ್ನು ಹೊಂದಿಸಿ. ಸುಗ್ಗಿಯ ದಿನಗಳಲ್ಲಿ ಗದಗದಿಂದ ಈಚೆಗೆ ಭತ್ತ, ಮೆಕ್ಕೆಜೋಳ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಹೆದ್ದಾರಿಗೆ ಬರುತ್ತವೆ, ಕೆಟ್ಟು ನಿಂತ ಟ್ರೇಲರಿನ ಹಿಂದೆ ಕಲ್ಲಿಟ್ಟು ಹೋಗಿರುತ್ತಾರೆ. ಊರು ಸಮೀಪಿಸಿತೆಂದು ಚಾಲಕರು ವೇಗ ಹೆಚ್ಚಿಸುವುದೂ ಈ ಹಂತದಲ್ಲಿಯೇ. ಬಳ್ಳಾರಿ, ರಾಯಚೂರಿಗೆ ಹೋಗಬೇಕಾದವರು ಕೊಪ್ಪಳ ಮುಟ್ಟುವಾಗ ಕತ್ತಲಾಗಿದ್ದರೆ ಆ ರಾತ್ರಿ ಅಲ್ಲಿಯೇ ಉಳಿದು, ಬೆಳಿಗ್ಗೆ ಹೊರಡಲಿ.